ಗಾಜಿನ ಮೇಲಣ ಮಬ್ಬು: ನಿಯಮವೊಂದು, ಪಕ್ಷಗಳು ನಾಲ್ಕು

ಮಳೆಗಾಲದ ಇರುಳಿನಲ್ಲಿ ಚಾರ್ಮಾಡಿ, ಶಿರಾಡಿ, ಆಗುಂಬೆಗಳ ತಿರುವುಗಳನ್ನು ಇಳಿಯುತ್ತಿರುವ ಕಾರಿನ ಮುಂದಣ ಗಾಜು, ವೈಪರು ಎಡೆಬಿಡದೆ ಓಡುತ್ತಿದ್ದರೂ, ದೀಪಗಳು ಪ್ರಖರವಾಗಿದ್ದರೂ, ಚಾಲಕನ ಕಣ್ಣು ನಿರ್ದುಷ್ಟವಾಗಿದ್ದರೂ, ಕೆಲವೇ ನಿಮಿಷಗಳಲ್ಲಿ ಬೆಳ್ಳಗೆ ಮಬ್ಬುಗಟ್ಟಿ, ಎದುರಿನಿಂದ ಬರುವ ಬಸ್ಸನ್ನೂ ರಸ್ತೆಯ ಅಂಚಿನ ತಡೆಗೋಡೆಯನ್ನೂ ಒಂದೇ ಬೆಳಕಿನ ಕಲೆಯೊಳಗೆ ಅಡಗಿಸಿಬಿಡುವುದುಂಟು. ಇದಕ್ಕೆ ಏನು ಮಾಡತಕ್ಕುದೆಂದು ಅನುಭವಸ್ಥರಾದ ಚಾಲಕರನ್ನು ಕೇಳಿದರೆ ಒಂದೇ ಉತ್ತರ ದೊರೆಯುವುದಿಲ್ಲ: ಹೀಟರ್ ಹಾಕಬೇಕೆಂದು ಒಬ್ಬರು, ಎಸಿ ಹಾಕಬೇಕೆಂದು ಇನ್ನೊಬ್ಬರು, ಕಿಟಕಿಯ ಗಾಜನ್ನು ಎರಡು ಬೆರಳಷ್ಟು ಇಳಿಸಿದರೆ ಸಾಕೆಂದು ಮತ್ತೊಬ್ಬರು, ಮೊದಲೇ ಗಾಜಿಗೆ ಸೋಪು ತೀಡಿಟ್ಟಿರಬೇಕಾಗಿತ್ತೆಂದು ಮಗುದೊಬ್ಬರು ಹೇಳುತ್ತಾರೆ.

ಈ ಉತ್ತರಗಳಲ್ಲಿ ಯಾವುದೂ ನಿರಾಧಾರವಾದುದಲ್ಲ. ಒಂದೊಂದರ ಹಿಂದೆಯೂ ಅನುಭವವಿದೆ, ಶಾಸ್ತ್ರದ ಬೆಂಬಲವೂ ಇದೆ. ಆದರೆ ಒಂದು ಸಂದರ್ಭದಲ್ಲಿ ಗಾಜನ್ನು ನಿಮಿಷದೊಳಗೆ ತಿಳಿಗೊಳಿಸಿದ ಉಪಾಯವೇ ಇನ್ನೊಂದು ಸಂದರ್ಭದಲ್ಲಿ ಮಬ್ಬನ್ನು ಇಮ್ಮಡಿಗೊಳಿಸುವುದರಿಂದ, ತನಗೆ ಫಲಿಸಿದುದೇ ಸರ್ವತ್ರ ಫಲಿಸತಕ್ಕುದೆಂದು ನಂಬಿದವರೊಳಗೆ ವಿವಾದ ಬೆಳೆದಿದೆ. ಚಾಲಕನ ಕೌಶಲವೆಲ್ಲವೂ ಆತನಿಗೆ ರಸ್ತೆ ಕಾಣುತ್ತಿರುವುದನ್ನು ಅವಲಂಬಿಸಿರುವಾಗ ಇದನ್ನು ಅಲ್ಪವಿಷಯವೆಂದು ತಳ್ಳಿಹಾಕಲಾಗದು. ಈ ಪ್ರಶ್ನೆ ನಡೆದುಬಂದ ದಾರಿಯನ್ನೂ, ಅದರ ಮುಖ್ಯ ಪಕ್ಷಗಳನ್ನೂ, ಒಂದೊಂದು ಪಕ್ಷ ಎಲ್ಲಿಯವರೆಗೆ ಸಲ್ಲುವುದೆಂಬುದನ್ನೂ ಪರಿಶೀಲಿಸುವುದು ಇಲ್ಲಿಯ ಉದ್ದೇಶ.

ಇಬ್ಬನಿಯ ಜಿಜ್ಞಾಸೆ

ಗಾಜಿನ ಮಬ್ಬು ಇಬ್ಬನಿಯದೇ ಒಂದು ರೂಪವಾದಕಾರಣ ಈ ಪ್ರಶ್ನೆ ಮೋಟಾರು ವಾಹನಕ್ಕಿಂತ ಬಹಳ ಪ್ರಾಚೀನವಾದುದು. ಹಗಲಿನಲ್ಲಿ ಮೇಲೇರಿದ ಆವಿ ಇರುಳಿನ ತಂಪಿನಲ್ಲಿ ಕೆಳಗಿಳಿಯುವುದೇ ಇಬ್ಬನಿಯೆಂದು ಗ್ರೀಸಿನ ಅರಿಸ್ಟಾಟಲ್ ತಿಳಿದಿದ್ದನು. ಅದು ಮೇಲಿನಿಂದ ಬೀಳುವುದಲ್ಲ, ನೆಲದಿಂದ ಏಳುವುದೆಂದು 18ನೆಯ ಶತಮಾನದ ಪೂರ್ವಾರ್ಧದಲ್ಲಿ ಯೂರೋಪಿನ ಕೆಲವು ಪಂಡಿತರು ವಾದಿಸಿದರು. 1751ರಲ್ಲಿ ಫ್ರಾನ್ಸಿನ ಮಾಂಪೆಲಿಯೆಯ ಷಾರ್ಲ್ ಲರ್ವಾ, ತೇವದ ಗಾಳಿಯನ್ನು ಗಾಜಿನ ಪಾತ್ರೆಯಲ್ಲಿ ಮುಚ್ಚಿಟ್ಟು, ಅದು ಒಂದು ನಿಯತವಾದ ಮಟ್ಟಕ್ಕೆ ತಂಪಾದಾಗ ಒಳಗೋಡೆಯ ಮೇಲೆ ಹನಿಗಳು ಮೂಡುವುದನ್ನೂ, ಮರಳಿ ಬೆಚ್ಚಗಾದಾಗ ಅವು ಮಾಯವಾಗುವುದನ್ನೂ ಕಂಡು, ಉಪ್ಪು ನೀರಿನಲ್ಲಿ ಕರಗಿರುವಂತೆ ನೀರು ಗಾಳಿಯಲ್ಲಿ ಕರಗಿರುವುದೆಂದು ನಿರ್ಣಯಿಸಿದನು. ಆತನ ಪ್ರಯೋಗ ಸರಿಯಾಗಿತ್ತು; ವಿವರಣೆಯನ್ನು ಮಾತ್ರ 19ನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಜಾನ್ ಡಾಲ್ಟನ್ ತಿದ್ದಿದನು. ಆವಿಗೆ ಗಾಳಿಯ ಆಶ್ರಯ ಬೇಕಿಲ್ಲವೆಂದೂ, ಒಂದು ಸ್ಥಳದಲ್ಲಿ ಎಷ್ಟು ಆವಿ ಇರಬಹುದೆಂಬುದು ಅಲ್ಲಿಯ ಉಷ್ಣತೆಯೊಂದರಿಂದಲೇ ನಿರ್ಧಾರವಾಗುವುದೆಂದೂ ಆತನು ತೋರಿಸಿದನು.

ಇಬ್ಬನಿಯ ಒಗಟನ್ನು ಬಹುಮಟ್ಟಿಗೆ ಬಿಡಿಸಿದ ಶ್ರೇಯಸ್ಸು 1814ರಲ್ಲಿ ಆ ವಿಷಯದ ಮೇಲೆ ಪ್ರಬಂಧವೊಂದನ್ನು ಪ್ರಕಟಿಸಿದ ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸನಿಗೆ ಸಲ್ಲತಕ್ಕುದು. ತೂಕ ಮಾಡಿದ ಉಣ್ಣೆಯ ಸಣ್ಣ ಎಸಳುಗಳನ್ನು ಹಲಗೆಯೊಂದರ ಮೇಲೂ ಕೆಳಗೂ ಇರಿಸಿ, ರಾತ್ರಿ ಕಳೆದ ಮೇಲೆ ಮತ್ತೆ ತೂಗಿ, ನಿರಭ್ರವಾದ ಆಕಾಶಕ್ಕೆ ಮುಖಮಾಡಿದ ಎಸಳು ಹೆಚ್ಚು ನೀರನ್ನು ಕೂಡಿಸಿಕೊಳ್ಳುವುದೆಂದು ಆತನು ಕಂಡುಕೊಂಡನು. ವಸ್ತುಗಳು ತಮ್ಮ ಶಾಖವನ್ನು ಆಕಾಶದತ್ತ ಸೂಸಿ ಸುತ್ತಲಿನ ಗಾಳಿಗಿಂತಲೂ ತಂಪಾಗುತ್ತವೆ; ತಂಪಾದ ಮೇಲೆಯೇ ಅವುಗಳ ಮೇಲೆ ಇಬ್ಬನಿ ಕೂಡುತ್ತದೆ. ಬಯಲಿನಲ್ಲಿ ರಾತ್ರಿ ಕಳೆದ ಕಾರಿನ ಗಾಜು ಬೆಳಗ್ಗೆ ತೊಯ್ದಿರುವುದೂ, ಮಾಡಿನ ಕೆಳಗೋ ದಟ್ಟವಾದ ಮರದಡಿಯಲ್ಲೋ ನಿಂತ ಕಾರು ಒಣಗಿರುವುದೂ ವೆಲ್ಸನ ಸಿದ್ಧಾಂತಕ್ಕೆ ಇಂದಿಗೂ ನಿತ್ಯಸಾಕ್ಷ್ಯವಾಗಿವೆ.

ಈ ಪರಂಪರೆಯಿಂದ ನಮಗೆ ಒದಗಿದ ಅಂಕಿಗಳು ಕೆಲವೇ ಆದರೂ ಅವು ನಿರ್ಣಾಯಕವಾದುವು. ಒಂದು ಘನ ಮೀಟರ್ ಸ್ಥಳದಲ್ಲಿ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಹೆಚ್ಚೆಂದರೆ ಸುಮಾರು 30 ಗ್ರಾಂ ಆವಿ ಇರಬಲ್ಲುದು. 20 ಡಿಗ್ರಿಯಲ್ಲಿ ಸುಮಾರು 17 ಗ್ರಾಂ. 10 ಡಿಗ್ರಿಯಲ್ಲಿ 9 ಗ್ರಾಮಿಗೆ ತುಸು ಮೇಲೆ. ಸೊನ್ನೆಯಲ್ಲಿ 5 ಗ್ರಾಮಿಗೂ ಕಡಿಮೆ. ಗಾಳಿ ಯಾವ ಉಷ್ಣತೆಗೆ ಇಳಿದರೆ ಅದರಲ್ಲಿಯ ಆವಿ ನೀರಾಗತೊಡಗುವುದೋ ಅದು ಇಬ್ಬನಿಬಿಂದು. ಗಾಜಿನ ಉಷ್ಣತೆ ತನ್ನನ್ನು ತಾಗಿರುವ ಗಾಳಿಯ ಇಬ್ಬನಿಬಿಂದುವಿಗಿಂತ ಕೆಳಗಿಳಿದರೆ ಮಬ್ಬು ಕಟ್ಟುವುದು, ಮೇಲಿದ್ದರೆ ಕಟ್ಟದು. ತಣ್ಣೀರು ತುಂಬಿದ ತಂಬಿಗೆಯ ಹೊರಮೈ ಬೆವರುವುದಕ್ಕೂ ಕಾರಣ ಇದೇ.

ನೀರು ತಿಳಿಯಾಗಿರಲು ಮಬ್ಬೇಕೆ?

ಇಲ್ಲಿ ಸಹಜವಾದ ಒಂದು ಆಕ್ಷೇಪ ಏಳುತ್ತದೆ. ಗಾಜೂ ಪಾರದರ್ಶಕ, ನೀರೂ ಪಾರದರ್ಶಕ. ಇವೆರಡೂ ಸೇರಿದಲ್ಲಿ ನೋಟ ಏಕೆ ಕೆಡಬೇಕು? ಒಂದು ಚದರ ಮೀಟರ್ ಗಾಜಿನ ಮೇಲೆ 10 ಗ್ರಾಂ ನೀರು ಸಮನಾಗಿ ಹರಡಿಕೊಂಡರೆ ಅದರ ದಪ್ಪ ಮಿಲಿಮೀಟರಿನ ನೂರನೆಯ ಒಂದು ಭಾಗವಷ್ಟೇ ಆಗುವುದು. ಆ ಪೊರೆಯ ಮೂಲಕ ರಸ್ತೆ ನಿಚ್ಚಳವಾಗಿ ಕಾಣುವುದು. ಅದೇ ನೀರು ಅಸಂಖ್ಯಾತ ಹನಿಗಳಾಗಿ ನಿಂತಾಗಲಾದರೋ, ಪ್ರತಿಯೊಂದು ಹನಿಯೂ ಸಣ್ಣದೊಂದು ಮಸೂರವಾಗಿ ಬೆಳಕನ್ನು ದಿಕ್ಕುದಿಕ್ಕಿಗೆ ಚೆದರಿಸುತ್ತದೆ.

1911ರಲ್ಲಿ ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರ್‍ಯಾಲೆ ಇದರ ಬಗೆಗೆ ಬರೆದನು. ಗಾಜಿನ ಮೇಲೆ ಊದುಗೊಳವೆಯ ಜ್ವಾಲೆಯನ್ನು ಒಮ್ಮೆ ಹಾಯಿಸಿ, ಅದು ತಣಿದ ಬಳಿಕ ಉಸಿರು ಬಿಟ್ಟರೆ, ಜ್ವಾಲೆ ಹಾದ ದಾರಿ ತಿಳಿಯಾಗಿಯೇ ಉಳಿದು ಉಳಿದ ಭಾಗವೆಲ್ಲ ಬೆಳ್ಳಗಾಗುವುದು. ಜ್ವಾಲೆ ಜಿಡ್ಡನ್ನು ಸುಟ್ಟು ಗಾಜನ್ನು ಶುದ್ಧಗೊಳಿಸಿದುದರಿಂದ ಅಲ್ಲಿ ನೀರು ಹನಿಗಟ್ಟದೆ ಹರಡಿಕೊಂಡಿತೆಂಬುದು ರ್‍ಯಾಲೆಯ ಅಭಿಮತ. ಸ್ಕಾಟ್ಲೆಂಡಿನ ಜಾನ್ ಐಟ್ಕನ್ ಸಹ ಈ ಚರ್ಚೆಯಲ್ಲಿ ಭಾಗವಹಿಸಿದನು; ಜ್ವಾಲೆ ಕೊಳೆಯನ್ನು ತೆಗೆಯುವುದೋ, ಇಲ್ಲವೆ ದಹನದಿಂದ ಹುಟ್ಟಿದ ಏನನ್ನಾದರೂ ಗಾಜಿನ ಮೇಲೆ ಬಿಟ್ಟುಹೋಗುವುದೋ ಎಂಬ ವಾದ ಮುಂದೆಯೂ ಕೆಲಕಾಲ ನಡೆಯಿತು. ಹನಿಗಳು ಹೇಗೆ ಬೆಳೆಯುತ್ತವೆ, ಹೇಗೆ ಒಂದರೊಡನೊಂದು ಕೂಡಿ ದೊಡ್ಡವಾಗುತ್ತವೆ ಎಂಬುದನ್ನು 1986ರಲ್ಲಿ ಬೇಸೆನ್ಸ್ ಮತ್ತು ನಾಬ್ಲರ್ ಎಂಬ ವಿಜ್ಞಾನಿಗಳು ಸೂಕ್ಷ್ಮವಾಗಿ ಅಳೆದರು.

ಈ ಚರ್ಚೆ ಪ್ರಯೋಗಶಾಲೆಯದೆಂದು ತೋರಿದರೂ ಅದರ ಫಲ ಕಾರಿನೊಳಗೇ ಇದೆ. ಬಿಸಿಲಿಗೆ ಕಾದ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ಕಿನಿಂದ ಏಳುವ ಸೂಕ್ಷ್ಮವಾದ ಆವಿಗಳು, ಸಿಗರೇಟಿನ ಹೊಗೆ, ಕೈಯ ಜಿಡ್ಡು ಇವೆಲ್ಲ ಗಾಜಿನ ಒಳಮೈಮೇಲೆ ಕಣ್ಣಿಗೆ ಕಾಣದ ಪೊರೆಯಾಗಿ ಕೂಡುತ್ತವೆ. ಆ ಪೊರೆಯ ಮೇಲೆ ಬಿದ್ದ ನೀರು ಹನಿಗಟ್ಟುತ್ತದೆ. ಮಬ್ಬನ್ನು ಬರಿಗೈಯಿಂದ ಒರಸುವವನು ಒಂದು ಕ್ಷಣದ ನೋಟಕ್ಕಾಗಿ ಮುಂದಿನ ಮಬ್ಬಿಗೆ ಬೇಕಾದ ಜಿಡ್ಡನ್ನು ತಾನೇ ಬಳಿದಂತಾಗುವುದು.

ಕಾರಿನೊಳಗೆ ಬಂದ ಸಮಸ್ಯೆ

ಮೊದಲ ಮೋಟಾರು ಕಾರುಗಳು ಬಹುಪಾಲು ತೆರೆದ ವಾಹನಗಳಾಗಿದ್ದುದರಿಂದ ಅವುಗಳಲ್ಲಿ ಉಸಿರಿನ ಆವಿ ನಿಲ್ಲುವ ಪ್ರಸಂಗವೇ ಇರಲಿಲ್ಲ. ಅಮೆರಿಕದ ಅಲಬಾಮಾ ಸಂಸ್ಥಾನದ ಮೇರಿ ಆಂಡರ್ಸನ್ 1903ರಲ್ಲಿ ಕಿಟಕಿ ಒರಸುವ ಸಾಧನಕ್ಕೆ ಪೇಟೆಂಟ್ ಪಡೆದಾಗ ಆಕೆಯ ಗಮನ ಗಾಜಿನ ಹೊರಮೈಯ ಮಳೆ ಮತ್ತು ಹಿಮಗಳ ಮೇಲೆ ಇದ್ದಿತು. 1920ರ ದಶಕದಲ್ಲಿ ಅಮೆರಿಕದಲ್ಲಿ ಮುಚ್ಚಿದ ಕಾರುಗಳು ತೆರೆದವುಗಳನ್ನು ಹಿಂದಿಕ್ಕಿದ ಮೇಲೆ ಪ್ರಯಾಣಿಕನಿಗೆ ಚಳಿಮಳೆಗಳಿಂದ ರಕ್ಷಣೆ ದೊರೆಯಿತು. ಅದರೊಡನೆಯೇ ವೈಪರು ಮುಟ್ಟಲಾರದ ಒಳಮೈಯ ಮಬ್ಬೂ ಬಂದಿತು.

ಅಲ್ಲಿಂದಾಚೆಗೆ ಪರಿಹಾರಗಳು ಒಂದರ ಹಿಂದೊಂದು ಬಂದುವು. 1938ರಲ್ಲಿ ಅಮೆರಿಕದ ನ್ಯಾಷ್ ಕಾರು ಕಂಪನಿ ಹೊರಗಿನ ಗಾಳಿಯನ್ನು ಎಳೆದು ಕಾಯಿಸಿ ಒಳಗೆ ಬಿಡುವ ವ್ಯವಸ್ಥೆಯನ್ನು ತಂದಿತು. 1940ರ ಮಾದರಿಯ ಪ್ಯಾಕಾರ್ಡ್ ಕಾರುಗಳಲ್ಲಿ ಯಾಂತ್ರಿಕ ಶೈತ್ಯವ್ಯವಸ್ಥೆ ಕಾಣಿಸಿಕೊಂಡಿತು. ಮುಂದೆ ಹಿಂಗಾಜಿನಲ್ಲಿ ವಿದ್ಯುತ್ತಿನಿಂದ ಕಾಯುವ ತೆಳುಗೆರೆಗಳು ಬಂದುವು. ಗಾಜನ್ನು ತಿಳಿಗೊಳಿಸುವ ಸಾಧನ ಪ್ರಯಾಣಿಕರ ಕಾರುಗಳಲ್ಲಿ ಇರಲೇಬೇಕೆಂದು ಅಮೆರಿಕದ 103ನೆಯ ಫೆಡರಲ್ ಸುರಕ್ಷಾ ಮಾನದಂಡ 1968ರಿಂದ ವಿಧಿಸಿತು. ನಮ್ಮಲ್ಲಿ ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಮುಂಬಾಗಿಲಿನ ತ್ರಿಕೋಣಾಕಾರದ ಸಣ್ಣ ಗಾಜನ್ನು ತಿರುಗಿಸಿ ಗಾಳಿಯನ್ನು ಒಳಕ್ಕೆ ಬಿಡುವುದೂ, ಪಕ್ಕದಲ್ಲಿ ಕುಳಿತವರು ಬಟ್ಟೆಯಿಂದ ಒರಸುತ್ತಿರುವುದೂ ಮಳೆಗಾಲದ ವಾಡಿಕೆಯಾಗಿದ್ದಿತು.

ಒಳಮಬ್ಬು ಮತ್ತು ಹೊರಮಬ್ಬು

ಪಕ್ಷಗಳ ವಿಚಾರಕ್ಕೆ ಮುನ್ನ ಒಂದು ಭೇದವನ್ನು ಗಟ್ಟಿಯಾಗಿ ಹಿಡಿಯಬೇಕು. ಇದನ್ನು ಮರೆತುದರಿಂದಲೇ ಬಹುಪಾಲು ವಿವಾದ ಹುಟ್ಟಿದೆ. ಮಡಿಕೇರಿಯ ಮಳೆಯಲ್ಲಿ ಹೊರಗಿನ ಉಷ್ಣತೆ 18 ಡಿಗ್ರಿ ಇದೆಯೆಂದು ಭಾವಿಸೋಣ. ಗಾಜೂ ಹೆಚ್ಚುಕಡಿಮೆ ಅಷ್ಟೇ ತಂಪಾಗಿರುತ್ತದೆ. 3 ಘನ ಮೀಟರ್ ಅವಕಾಶವುಳ್ಳ ಕಾರಿನೊಳಗೆ ಆವಿ ಸುಮಾರು 46 ಗ್ರಾಂ ಮೀರಿದೊಡನೆ ಆ ಗಾಜಿನ ಒಳಮೈಯಲ್ಲಿ ಹನಿ ಮೂಡತೊಡಗುವುದು. ಮಳೆಯ ಹೊತ್ತಿನ ಹೊರಗಾಳಿ ಆವಿಯಿಂದ ತುಂಬಿಯೇ ಇರುವುದರಿಂದ, ಕಾರಿನ ಬಾಗಿಲು ಮುಚ್ಚುವಾಗಲೇ ಒಳಗೆ ಸುಮಾರು ಅಷ್ಟು ಆವಿ ಸೇರಿರುತ್ತದೆ. ಇನ್ನು ಸುಮ್ಮನೆ ಕುಳಿತ ಒಬ್ಬ ಮನುಷ್ಯನ ಉಸಿರು ಮತ್ತು ಚರ್ಮಗಳಿಂದ ಗಂಟೆಗೆ ಸುಮಾರು 30ರಿಂದ 50 ಗ್ರಾಂ ನೀರು ಆವಿಯಾಗಿ ಹೊರಬೀಳುವುದು. ನಾಲ್ವರು ಕುಳಿತರೆ ಅದರ ನಾಲ್ಮಡಿ. ಅದರ ಮೇಲೆ ತೊಯ್ದ ಕೊಡೆ, ನೆನೆದ ಬಟ್ಟೆ, ಕಾಲಡಿಯ ಒದ್ದೆ ಮ್ಯಾಟುಗಳು. ಇಷ್ಟಾದ ಮೇಲೆ ಗಾಜು ಮಬ್ಬಾಗದಿದ್ದರೆ ಆಶ್ಚರ್ಯಪಡಬೇಕು. ಇದು ಒಳಮಬ್ಬು.

ಅದೇ ಋತುವಿನಲ್ಲಿ ಮಂಗಳೂರು, ಉಡುಪಿಗಳ ಕರಾವಳಿಯಲ್ಲಿ ಸಂದರ್ಭ ತಲೆಕೆಳಗಾಗುವುದು. ಅಲ್ಲಿ ಹೊರಗಾಳಿಯ ಇಬ್ಬನಿಬಿಂದುವೇ ಸುಮಾರು 24-25 ಡಿಗ್ರಿ. ಸೆಕೆ ತಾಳಲಾರದೆ ಎಸಿಯನ್ನು ಜೋರಾಗಿ ಹಾಕಿ, ಅದರ ತಂಪುಗಾಳಿ ಮುಂದಣ ಗಾಜಿಗೆ ಬಡಿಯುವಂತೆ ಬಿಟ್ಟರೆ ಗಾಜು 24 ಡಿಗ್ರಿಗಿಂತ ಕೆಳಗಿಳಿದು, ಹೊರಮೈ ಬೆವರುತ್ತದೆ. ಒಳಗಿನಿಂದ ಎಷ್ಟು ಒರಸಿದರೂ ಫಲವಿಲ್ಲ. ವೈಪರನ್ನು ಎರಡು ಸಲ ಆಡಿಸಿದರೆ ಗಾಜು ತಿಳಿಯಾಗಿ ಮತ್ತೆ ಮಬ್ಬಾಗುವುದು. ಇಲ್ಲಿ ಎಸಿಯೇ ಕಾರಣವಾಗಿರುವುದರಿಂದ ಅದರ ತಂಪನ್ನು ತಗ್ಗಿಸಿ, ಗಾಳಿಯನ್ನು ಗಾಜಿನಿಂದ ಮುಖದತ್ತ ತಿರುಗಿಸಬೇಕು. ಮಡಿಕೇರಿಯಲ್ಲಿ ಎಸಿಯನ್ನು ಹೊಗಳಿದವನೂ ಮಂಗಳೂರಿನಲ್ಲಿ ತೆಗಳಿದವನೂ ಕಂಡುದನ್ನೇ ಹೇಳುತ್ತಿದ್ದಾರೆ. ಇಬ್ಬರೂ ನೋಡಿದುದು ಗಾಜಿನ ಬೇರೆಬೇರೆ ಬದಿಗಳನ್ನು.

ನಾಲ್ಕು ಪಕ್ಷಗಳು

ಮೊದಲನೆಯದು ಉಷ್ಣಪಕ್ಷ. ಗಾಜನ್ನು ಇಬ್ಬನಿಬಿಂದುವಿನ ಮೇಲಕ್ಕೆ ಕಾಯಿಸಿದರೆ ಮಬ್ಬು ನಿಲ್ಲಲಾರದೆಂಬುದು ಇದರ ತತ್ತ್ವ. ಒಳಮಬ್ಬಿಗೂ ಹೊರಮಬ್ಬಿಗೂ ಸಮನಾಗಿ ಸಲ್ಲುವುದು ಇದರ ಗುಣ. ಎಂಜಿನ್ನಿನ ಬಿಸಿನೀರನ್ನು ಅವಲಂಬಿಸಿದ ಹೀಟರಿನಿಂದ ಶಾಖ ಬರಲು ಕೆಲವು ನಿಮಿಷಗಳು ಬೇಕಾಗುವುದೂ, ಗಾಜು ಕಾಯುವುದಕ್ಕೆ ಮೊದಲೇ ಬಿಸಿಗಾಳಿ ಮ್ಯಾಟು ಬಟ್ಟೆಗಳ ತೇವವನ್ನು ಎಬ್ಬಿಸಿ ಮಬ್ಬನ್ನು ತಾತ್ಕಾಲಿಕವಾಗಿ ಹೆಚ್ಚಿಸುವುದೂ ಇದರ ದೋಷ. ತೇವವನ್ನು ಹೊರಗೆ ಕಳುಹಿಸದೆ ಶಾಖವನ್ನಷ್ಟೇ ಕೊಡುವುದರಿಂದ ಹೀಟರನ್ನು ನಿಲ್ಲಿಸಿದೊಡನೆ ಮಬ್ಬು ಮರಳುವುದು.

ಎರಡನೆಯದು ಶುಷ್ಕಪಕ್ಷ. ಗಾಳಿಯನ್ನು ಎಸಿಯ ತಣ್ಣನೆಯ ಸುರುಳಿಯ ಮೇಲೆ ಹಾಯಿಸಿದರೆ ಅದರ ಆವಿ ಅಲ್ಲಿಯೇ ನೀರಾಗಿ ಕಾರಿನ ಅಡಿಯಿಂದ ಹನಿಹನಿಯಾಗಿ ಹೊರಬೀಳುವುದು. 5 ಡಿಗ್ರಿಗೆ ಇಳಿದ ಗಾಳಿಯಲ್ಲಿ ಘನ ಮೀಟರಿಗೆ ಸುಮಾರು 7 ಗ್ರಾಂ ಆವಿ ಮಾತ್ರ ಉಳಿದಿರುತ್ತದೆ; ಆ ಗಾಳಿಯನ್ನೇ ಹೀಟರಿನಿಂದ 30 ಡಿಗ್ರಿಗೆ ಕಾಯಿಸಿದರೆ ಅದರ ಸಾಪೇಕ್ಷ ಆರ್ದ್ರತೆ ನೂರಕ್ಕೆ 25ಕ್ಕಿಂತ ಕಡಿಮೆಯಾಗಿ, ಅದು ಗಾಜಿನ ನೀರನ್ನು ಬೇಗನೆ ಹೀರುವುದು. ಎಸಿಯನ್ನೂ ಹೀಟರನ್ನೂ ಒಟ್ಟಿಗೆ ಹಾಕುವುದು ವಿರೋಧವೆಂದು ಅನೇಕರಿಗೆ ತೋರುವುದುಂಟು; ಒಂದು ಒಣಗಿಸುತ್ತದೆ, ಇನ್ನೊಂದು ಕಾಯಿಸುತ್ತದೆ, ಒಳಮಬ್ಬಿಗೆ ಇವೆರಡರ ಸಂಯೋಗಕ್ಕಿಂತ ಶೀಘ್ರವಾದ ಪರಿಹಾರ ಸಾಮಾನ್ಯ ಕಾರಿನಲ್ಲಿ ಇಲ್ಲ. ಗಾಜನ್ನು ತಿಳಿಗೊಳಿಸುವ ಡಿಫಾಗರ್ ಗುಂಡಿಯನ್ನು ಒತ್ತಿದೊಡನೆ ಅನೇಕ ಕಾರುಗಳಲ್ಲಿ ಎಸಿ ತಾನಾಗಿಯೇ ಆರಂಭವಾಗುವುದು ಈ ಕಾರಣದಿಂದಲೇ.

ಮೂರನೆಯದು ವಾಯುವಿನಿಮಯಪಕ್ಷ. ಒಳಗಿನ ತೇವದ ಗಾಳಿಯನ್ನು ಹೊರಕ್ಕೆ ಕಳುಹಿಸಿ ಹೊರಗಾಳಿಯನ್ನು ತರಬೇಕೆಂದೂ, ಒಳಗಾಳಿಯನ್ನೇ ಸುತ್ತಿಸುವ ರೀಸರ್ಕ್ಯುಲೇಷನನ್ನು ನಿಲ್ಲಿಸಬೇಕೆಂದೂ ಈ ಪಕ್ಷದವರು ಹೇಳುತ್ತಾರೆ. ಹೊರಗಾಳಿ ತಂಪಾಗಿಯೂ ಒಣಗಿಯೂ ಇರುವಾಗ ಇದು ಅಗ್ಗದ, ನಿಶ್ಚಿತವಾದ ಉಪಾಯ. ಮಲೆನಾಡಿನ ಮಳೆಯಲ್ಲಾದರೋ ಹೊರಗಾಳಿಯೇ ಆವಿಭರಿತವಾದುದರಿಂದ ಇದು ಉಸಿರಿನಿಂದ ಕೂಡಿದ ಹೆಚ್ಚುವರಿ ತೇವವನ್ನು ಮಾತ್ರ ತೆಗೆಯಬಲ್ಲುದು. ಉಳಿದುದಕ್ಕೆ ಶಾಖದ ಅಥವಾ ಎಸಿಯ ಸಹಾಯ ಬೇಕು. ಇದಕ್ಕೆ ವಿರುದ್ಧವಾಗಿ, ಎಸಿ ಓಡುತ್ತಿರುವಾಗ ಒಳಗಾಳಿಯನ್ನೇ ಮರಳಿ ಮರಳಿ ಸುರುಳಿಯ ಮೇಲೆ ಹಾಯಿಸಿದರೆ ಅದು ಇನ್ನಷ್ಟು ಒಣಗುವುದೆಂಬ ವಾದವೂ ಇದೆ. ಸೆಕೆಯ ಕರಾವಳಿಯಲ್ಲಿ ಎಸಿ ನಿಲ್ಲದೆ ನಡೆಯುವವರೆಗೆ ಆ ವಾದ ಸತ್ಯ. ಅದು ನಿಂತೊಡನೆ ಸುರುಳಿಯ ಮೇಲೆ ಉಳಿದ ನೀರು ಮತ್ತೆ ಆವಿಯಾಗಿ ಒಳಕ್ಕೆ ಬಂದು, ಗಾಜು ತಂಪಾಗಿದ್ದರೆ ಅದನ್ನು ಹಠಾತ್ತಾಗಿ ಮುಸುಕುವ ಅಪಾಯವುಂಟು.

ನಾಲ್ಕನೆಯದಾದ ಮೇಲ್ಮೈಪಕ್ಷ ಆವಿಯನ್ನೂ ಉಷ್ಣತೆಯನ್ನೂ ಅವುಗಳ ಪಾಡಿಗೆ ಬಿಟ್ಟು, ಬಂದ ನೀರು ಹನಿಗಟ್ಟದಂತೆ ಗಾಜಿನ ಮೈಯನ್ನೇ ಮಾರ್ಪಡಿಸಲು ಹೊರಡುತ್ತದೆ. ಸೋಪನ್ನೋ ಶಾಂಪುವನ್ನೋ ತೆಳ್ಳಗೆ ಸವರಿ ಒಣಬಟ್ಟೆಯಿಂದ ಉಜ್ಜುವುದೂ, ಹೋಳಾದ ಆಲೂಗಡ್ಡೆಯನ್ನು ತೀಡುವುದೂ, ವೈಪರು ಕೆಟ್ಟಾಗ ಲಾರಿಯ ಚಾಲಕರು ಬೀಡಿಯ ಹೊಗೆಸೊಪ್ಪನ್ನು ಹೊರಗಾಜಿಗೆ ಉಜ್ಜುವುದೂ ಈ ಪಕ್ಷದ ಜಾನಪದ ಶಾಖೆ. ಇದೇ ತತ್ತ್ವ ಬಾಹ್ಯಾಕಾಶಕ್ಕೂ ಹೋಯಿತು: 1966ರ ಜೂನಿನಲ್ಲಿ ಜೆಮಿನಿ 9-ಎ ನೌಕೆಯಿಂದ ಹೊರಬಂದ ಯೂಜೀನ್ ಸರ್ನನ್ನನ ಶಿರಸ್ತ್ರಾಣದ ಗಾಜು ಮಬ್ಬಾಗಿ ಆತನಿಗೆ ಕಾಣದಂತಾದ ಮೇಲೆ, ದ್ರವರೂಪದ ಮಾರ್ಜಕವನ್ನು ಒಳಗೊಂಡ ಲೇಪವೊಂದನ್ನು ನಾಸಾ ಸಿದ್ಧಪಡಿಸಿತು. 1997ರಲ್ಲಿ ಜಪಾನಿನ ಹಾಷಿಮೋಟೊ, ಫುಜಿಷಿಮ ಮೊದಲಾದವರು, ನೇರಳಾತೀತ ಕಿರಣ ಬಿದ್ದ ಟೈಟಾನಿಯಂ ಡೈಆಕ್ಸೈಡಿನ ಮೈಮೇಲೆ ನೀರು ಹನಿಗಟ್ಟದೆ ಪೂರ್ಣವಾಗಿ ಹರಡುವುದೆಂದು ತೋರಿಸಿಕೊಟ್ಟರು. ನೀರನ್ನು ಹರಡುವುದಕ್ಕೆ ಬದಲಾಗಿ ಓಡಿಸಬೇಕೆಂಬ ಉಪಶಾಖೆಯೂ ಉಂಟು. ಸೊಳ್ಳೆಯ ಕಣ್ಣು ಮಂಜಿನಲ್ಲಿಯೂ ಒಣಗಿರುವುದೆಂಬ 2007ರ ಶೋಧ ಇದಕ್ಕೆ ಆಧಾರ. ಆದರೆ ಮೇಲೆ ಸುರಿದ ನೀರನ್ನು ಉರುಳಿಸಿಬಿಡುವ ತಾವರೆಯೆಲೆಯೂ ತನ್ನ ಮೈಯ ಸೂಕ್ಷ್ಮ ಸಂದುಗಳಲ್ಲಿಯೇ ಆವಿ ನೀರಾದಾಗ ಸೋಲುತ್ತದೆಂಬುದು ಪ್ರಯೋಗಗಳಿಂದ ತಿಳಿದುಬಂದಿದೆ.

ಇನ್ನೂ ತೀರದ ಪ್ರಶ್ನೆಗಳು

ಲೇಪಗಳ ಬಾಳಿಕೆ ಮೊದಲನೆಯ ಪ್ರಶ್ನೆ. ಸೋಪಿನ ಜಾತಿಯವು ಕೆಲವೇ ಒರಸುಗಳಲ್ಲಿ ತೊಳೆದುಹೋಗುತ್ತವೆ. ಟೈಟಾನಿಯಂ ಲೇಪಕ್ಕೆ ನೇರಳಾತೀತ ಕಿರಣ ಬೇಕು. ಎರಡು ಗಾಜುಗಳ ನಡುವೆ ಪ್ಲಾಸ್ಟಿಕ್ ಪದರವಿರುವ ಮುಂದಣ ಗಾಜು ಆ ಕಿರಣಗಳನ್ನೇ ಬಹುಪಾಲು ತಡೆಯುವುದರಿಂದ ಒಳಮೈಯಲ್ಲಿ ಅದರ ಪ್ರಯೋಜನ ಕುಗ್ಗುವುದು. ಜೂರಿಕ್ಕಿನ ಇಟಿಎಚ್ ಸಂಸ್ಥೆಯ ಸಂಶೋಧಕರು 2022ರಲ್ಲಿ ಪ್ರಕಟಿಸಿದ, ಅತಿ ತೆಳುವಾದ ಚಿನ್ನದ ಪದರದಿಂದ ಬಿಸಿಲಿನ ಶಾಖವನ್ನು ಹಿಡಿಯುವ ಲೇಪ ಆಶಾದಾಯಕವಾದುದೇ. ಆದರೆ ಘಟ್ಟದಲ್ಲಿ ಮಬ್ಬು ಪೀಡಿಸುವುದು ಬಿಸಿಲಿಲ್ಲದ ಹೊತ್ತಿನಲ್ಲಿ.

ಎರಡನೆಯ ಪ್ರಶ್ನೆಯನ್ನು ವಿದ್ಯುತ್ ಕಾರುಗಳು ತೀಕ್ಷ್ಣಗೊಳಿಸಿವೆ. ಅವುಗಳಲ್ಲಿ ಎಂಜಿನ್ನಿನ ಪುಕ್ಕಟೆ ಶಾಖವಿಲ್ಲ. ಹೊರಗಾಳಿಯನ್ನು ಕಾಯಿಸಲು ವ್ಯಯವಾಗುವ ವಿದ್ಯುತ್ತು ಓಡುವ ದೂರವನ್ನು ತಗ್ಗಿಸುತ್ತದೆ. ಒಳಗಾಳಿಯನ್ನೇ ಸುತ್ತಿಸಿದರೆ ಶಕ್ತಿ ಉಳಿಯುವುದು, ಆದರೆ ತೇವವೂ ಇಂಗಾಲದ ಡೈಆಕ್ಸೈಡೂ ಕೂಡಿಕೊಳ್ಳುವುವು. ಎಷ್ಟು ಪಾಲು ಹೊರಗಾಳಿ, ಎಷ್ಟು ಪಾಲು ಒಳಗಾಳಿ ಎಂಬುದಕ್ಕೆ ಎಲ್ಲ ಹವೆಗೂ ಒಪ್ಪುವ ಸೂತ್ರ ದೊರೆತಿಲ್ಲ. ಮೂರನೆಯದು ಮಬ್ಬನ್ನು ಮುಂಗಾಣುವ ಪ್ರಶ್ನೆ. ಆರ್ದ್ರತೆಯನ್ನು ಅಳೆಯುವ ಸಾಧನ ಗಾಜಿನ ಒಂದು ಸ್ಥಳವನ್ನು ಮಾತ್ರ ಅರಿಯುತ್ತದೆ. ಗಾಜಿನ ಉಷ್ಣತೆಯೋ ಅಂಚಿನಲ್ಲಿ ಒಂದು, ನಡುವೆ ಇನ್ನೊಂದು. ಚಾಲಕನಿಗೆ ನೆರವಾಗುವ ಕ್ಯಾಮೆರಾಗಳು ಇದೇ ಗಾಜಿನ ಹಿಂದೆ ಬಂದು ಕುಳಿತಿರುವುದರಿಂದ ಈ ಪ್ರಶ್ನೆಯ ಭಾರ ಹೆಚ್ಚುತ್ತಲೇ ಇದೆ.

ಈ ಪ್ರಶ್ನೆಗಳು ತೀರುವವರೆಗೆ ವಾಹನ ನಡೆಸುವವರು ಕಾಯಬೇಕಾಗಿಲ್ಲ. ನಿಶ್ಚಿತವಾಗಿ ತಿಳಿದಿರುವುದೇ ನಿತ್ಯದ ಬಳಕೆಗೆ ಸಾಕಷ್ಟಿದೆ. ಮಳೆಗಾಲಕ್ಕೆ ಮುನ್ನ ಗಾಜಿನ ಒಳಮೈಯನ್ನು ಜಿಡ್ಡಿಲ್ಲದಂತೆ ತೊಳೆಯಿರಿ. ಒದ್ದೆ ಮ್ಯಾಟುಗಳನ್ನು ಹೊರಗೆ ಒಣಗಿಸಿರಿ. ಕ್ಯಾಬಿನ್ ಫಿಲ್ಟರ್ ಕಟ್ಟಿಕೊಂಡಿದ್ದರೆ ಬದಲಿಸಿರಿ. ಮಬ್ಬು ಕಟ್ಟಿದಾಗ ಅದು ಯಾವ ಬದಿಯದೆಂಬುದನ್ನು ಮೊದಲು ಅರಿಯಿರಿ: ವೈಪರಿನಿಂದ ಹೋದರೆ ಹೊರಗಿನದು, ಎಸಿಯ ತಂಪನ್ನು ತಗ್ಗಿಸಿರಿ, ಹೋಗದಿದ್ದರೆ ಒಳಗಿನದು, ಎಸಿಯನ್ನೂ ಶಾಖವನ್ನೂ ಒಟ್ಟಿಗೆ ಹಾಕಿ, ಹೊರಗಾಳಿಯನ್ನು ತೆರೆದು, ಬ್ಲೋವರಿನ ಗಾಳಿಯನ್ನೆಲ್ಲ ಗಾಜಿನತ್ತ ತಿರುಗಿಸಿರಿ. ಯಾವ ಗುಂಡಿ ಎಲ್ಲಿದೆಯೆಂಬುದನ್ನು ಹಗಲಿನಲ್ಲಿ, ಕಾರು ನಿಂತಿರುವಾಗಲೇ ಕಲಿತಿರಿ. ಇಷ್ಟರಿಂದಲೂ ಗಾಜು ತಿಳಿಯಾಗದಿದ್ದರೆ ರಸ್ತೆಯಿಂದ ಸುರಕ್ಷಿತವಾಗಿ ಸರಿದು ನಿಲ್ಲಿರಿ. ಎದುರಿನ ದಾರಿ ಕಾಣದೆ ಒಂದು ಗಜವೂ ವಾಹನವನ್ನು ಮುಂದಕ್ಕೆ ಬಿಡಬೇಡಿರಿ.